ಗರಡಿಯಿಂದ ಶಾಲೆಗೆ: ದೇಹಶಿಕ್ಷಣದ ಚರಿತ್ರೆಯಲ್ಲಿ ಸಾಮು ಮತ್ತು ಖುರಾಕು

ನಮ್ಮ ದೇಶದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದಿರುವ ವಿದ್ವಾಂಸರು ಪಠ್ಯಕ್ರಮ, ಬೋಧನಭಾಷೆ, ಪರೀಕ್ಷಾಪದ್ಧತಿ, ಸರ್ಕಾರದ ಅನುದಾನ ಮೊದಲಾದ ವಿಷಯಗಳಿಗೆ ಸಲ್ಲಿಸಿರುವ ಗಮನವನ್ನು ವಿದ್ಯಾರ್ಥಿಯ ದೇಹಕ್ಕೆ ಸಲ್ಲಿಸಿಲ್ಲ. ಶಾಲೆಗೆ ಬರುವ ಮಗು ಬುದ್ಧಿಯೊಂದನ್ನೇ ಹೊತ್ತು ಬರುವುದಿಲ್ಲ. ಹಸಿವು, ರೋಗ, ಆಯಾಸಗಳಿಗೆ ಗುರಿಯಾಗುವ ದೇಹವೂ ಅದರೊಡನೆ ಬರುತ್ತದೆ. ಆ ದೇಹದ ಹೊಣೆ ಯಾರದು, ಆ ಹೊಣೆಯಲ್ಲಿ ಶಾಲೆಯ ಪಾಲೆಷ್ಟು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಆ ಉತ್ತರಗಳನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಎರಡು ಮಾತುಗಳು ಜೊತೆಯಾಗಿಯೇ ಕೇಳಿಬರುತ್ತವೆ. ಮೊದಲನೆಯದು ಸಾಮು, ಎಂದರೆ ಅಂಗಸಾಧನೆ. ಎರಡನೆಯದು ಖುರಾಕು, ಎಂದರೆ ಆ ಸಾಧನೆಗೆ ತಕ್ಕ ಪುಷ್ಟಿಕರವಾದ ಆಹಾರ. ಖುರಾಕಿಲ್ಲದ ಸಾಮು ಮೈಯನ್ನು ಬೆಳೆಸುವುದಿಲ್ಲ, ಸವೆಸುತ್ತದೆ ಎಂಬುದು ಪೈಲವಾನರ ಅನುಭವದ ಮಾತು. ದೇಹಸಾಧನೆಯು ಸಾರ್ವಜನಿಕ ಶಿಕ್ಷಣದ ಅಂಗವಾದಾಗ ನಮ್ಮ ಶಾಲೆಗಳಿಗೆ ಸಾಮು ಬಂದಿತು, ಖುರಾಕು ಬರಲಿಲ್ಲ. ಇವೆರಡರ ನಡುವೆ ಬಿದ್ದ ಅಂತರವು ತುಂಬಲು ಒಂದು ಶತಮಾನಕ್ಕೂ ಹೆಚ್ಚಿನ ಕಾಲ ಹಿಡಿಯಿತು. ಇಂದಿಗೂ ಅದು ಪೂರ್ತಿಯಾಗಿ ತುಂಬಿದೆಯೆಂದು ಹೇಳಲು ಬರುವಂತಿಲ್ಲ. ಇದು ಹೇಗಾಯಿತು, ಏಕಾಯಿತು ಎಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

೧. ಗರಡಿಯ ಪರಂಪರೆ

ಕರ್ನಾಟಕದಲ್ಲಿ ಮಲ್ಲವಿದ್ಯೆಯ ಶಾಸ್ತ್ರೀಯ ನಿರೂಪಣೆಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಪ್ರಮುಖವಾದ ಆಧಾರ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದವೆಂಬ ಭಾಗದಲ್ಲಿ ಮಲ್ಲರ ವರ್ಗೀಕರಣವಿದೆ, ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದ ಅಭ್ಯಾಸಗಳ ವಿವರಣೆಯಿದೆ. ಜೊತೆಗೆ ಅವರಿಗೆ ಅರಸನು ಒದಗಿಸಬೇಕಾದ ಆಹಾರದ ವಿಚಾರವೂ ಇದೆ. ಮಲ್ಲನ ದೇಹವು ಅರಸನ ಪೋಷಣೆಯಲ್ಲಿರುವ ದೇಹ; ಅದನ್ನು ದುಡಿಸುವವನೇ ಅದಕ್ಕೆ ಉಣಿಸಬೇಕು ಎಂಬ ನ್ಯಾಯವು ಇಲ್ಲಿ ಸ್ಪಷ್ಟವಾಗಿದೆ.

ಮೈಸೂರಿನ ಒಡೆಯರ ಆಸ್ಥಾನದಲ್ಲಿಯೂ ಇದೇ ಸಂಪ್ರದಾಯವು ಮುಂದುವರಿಯಿತು. ಜಟ್ಟಿಗಳ ವಜ್ರಮುಷ್ಟಿ ಕಾಳಗವು ದಸರೆಯ ಅಂಗವಾಗಿ ಇಂದಿಗೂ ಉಳಿದುಬಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ೧೨೨ ಆಸನಗಳು ಚಿತ್ರಸಹಿತವಾಗಿ ನಿರೂಪಿತವಾಗಿದ್ದು, ಅವುಗಳಲ್ಲಿ ಕೆಲವು ಹಗ್ಗದ ಮೇಲಿನ ಸಾಧನೆಗಳು, ಕೆಲವು ಗರಡಿಯ ದಂಡೆಗಳನ್ನು ನೆನಪಿಗೆ ತರುವಂಥವು. ಯೋಗ ಮತ್ತು ಗರಡಿಗಳ ನಡುವೆ ಅಂದು ಇಂದಿನಷ್ಟು ಅಂತರವಿರಲಿಲ್ಲವೆಂದು ಇದರಿಂದ ಊಹಿಸಬಹುದು.

ಆದರೆ ಈ ಪರಂಪರೆಯ ಮಿತಿಗಳನ್ನು ಮರೆಯಲಾಗದು. ಗರಡಿಯು ಸರ್ವರಿಗೂ ತೆರೆದ ಸ್ಥಳವಾಗಿರಲಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಸ್ಪೃಶ್ಯರೆಂದು ದೂರವಿಟ್ಟ ಜನರಿಗೆ ಇದ್ದುದು ಅತ್ಯಲ್ಪ. ಖುರಾಕಿನ ವೆಚ್ಚವನ್ನು ಭರಿಸಲು ಅರಸನ ಅಥವಾ ಊರ ಗೌಡನ ಆಶ್ರಯ ಬೇಕಾಗಿತ್ತು. ಕೆಲವೇ ಮಂದಿಯ ದೇಹಗಳನ್ನು ಸಂಪೂರ್ಣವಾಗಿ ಪೋಷಿಸುವುದು ಗರಡಿಯ ರೀತಿ. ಎಲ್ಲರ ದೇಹಗಳನ್ನೂ ಅಷ್ಟಿಷ್ಟು ತಿದ್ದುವುದು ಶಾಲೆಯ ರೀತಿ.

೨. ಕವಾಯತಿನ ಪ್ರವೇಶ

ಆಧುನಿಕ ಶಾಲೆಯೊಳಕ್ಕೆ ವ್ಯಾಯಾಮವು ಬಂದುದು ಗರಡಿಯ ಮೂಲಕವಲ್ಲ, ಸೈನ್ಯದ ಮೂಲಕ. ಇದರ ಬೇರುಗಳು ಯೂರೋಪಿನಲ್ಲಿವೆ. ೧೮೦೬ರಲ್ಲಿ ನೆಪೋಲಿಯನ್ನನಿಂದ ಸೋತ ಪ್ರಷ್ಯದಲ್ಲಿ ಫ್ರೀಡ್ರಿಕ್ ಯಾನ್ ಎಂಬುವನು ೧೮೧೧ರಲ್ಲಿ ಬರ್ಲಿನ್ನಿನ ಹೊರವಲಯದಲ್ಲಿ ತರುಣರಿಗಾಗಿ ಬಯಲು ವ್ಯಾಯಾಮಶಾಲೆಯನ್ನು ತೆರೆದನು. ೧೮೦೯ರಲ್ಲಿ ರಷ್ಯಕ್ಕೆ ಫಿನ್ಲೆಂಡನ್ನು ಬಿಟ್ಟುಕೊಟ್ಟ ಸ್ವೀಡನ್ನಿನಲ್ಲಿ ಪೇರ್ ಹೆನ್ರಿಕ್ ಲಿಂಗ್ ಎಂಬುವನು ೧೮೧೩ರಲ್ಲಿ ಸ್ಟಾಕ್‌ಹೋಮಿನ ಕೇಂದ್ರ ವ್ಯಾಯಾಮ ಸಂಸ್ಥೆಯನ್ನು ಸ್ಥಾಪಿಸಿದನು. ಎರಡು ಕಡೆಗಳಲ್ಲಿಯೂ ಯುದ್ಧದ ಸೋಲು ಮತ್ತು ತರುಣರ ದೇಹದ ಚಿಂತೆ ಒಂದರ ಬೆನ್ನಿಗೆ ಒಂದು ಬಂದುವೆಂಬುದು ಗಮನಾರ್ಹ.

ಇಂಗ್ಲೆಂಡಿನಲ್ಲಿ ಇದೇ ಬಗೆಯ ಆತಂಕವನ್ನು ಹುಟ್ಟಿಸಿದುದು ೧೮೯೯ರಿಂದ ೧೯೦೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧ. ಸೈನ್ಯಕ್ಕೆ ಸೇರಬಂದ ನಗರವಾಸಿ ಕಾರ್ಮಿಕರಲ್ಲಿ ಅನೇಕರು ದೇಹದೌರ್ಬಲ್ಯದ ಕಾರಣದಿಂದ ತಿರಸ್ಕೃತರಾದರು. ಮೊದಲ ಪ್ರತಿಕ್ರಿಯೆ ಕವಾಯತೇ ಆಗಿತ್ತು. ೧೯೦೨ರಲ್ಲಿ ಸೈನ್ಯದ ಮಾದರಿಯ ವ್ಯಾಯಾಮಕ್ರಮವೊಂದನ್ನು ಶಾಲೆಗಳಿಗೆ ಸೂಚಿಸಲಾಯಿತು. ಹಸಿದ ಮಕ್ಕಳಿಂದ ಕವಾಯತು ಮಾಡಿಸುವುದು ಹಾನಿಕರವೆಂದು ವೈದ್ಯರೂ ಶಿಕ್ಷಕರೂ ಆಕ್ಷೇಪಿಸಿದರು. ಸ್ಕಾಟ್‌ಲೆಂಡಿನ ವ್ಯಾಯಾಮ ಶಿಕ್ಷಣವನ್ನು ಕುರಿತ ರಾಜನಿಯುಕ್ತ ಆಯೋಗವು ೧೯೦೩ರಲ್ಲಿಯೂ, ದೇಹಕ್ಷೀಣತೆಯನ್ನು ಕುರಿತ ಸಮಿತಿಯು ೧೯೦೪ರಲ್ಲಿಯೂ ಮಕ್ಕಳ ಆಹಾರದ ಪ್ರಶ್ನೆಯನ್ನು ಎತ್ತಿದುವು. ಅದರ ಫಲವಾಗಿ ಶಾಲಾಮಕ್ಕಳಿಗೆ ಊಟ ಒದಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನಿತ್ತ ಶಾಸನವು ೧೯೦೬ರಲ್ಲಿಯೂ, ಮಕ್ಕಳ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯ ಮಾಡಿದ ಶಾಸನವು ೧೯೦೭ರಲ್ಲಿಯೂ ಅಂಗೀಕೃತವಾದುವು. ಹೀಗೆ ಐದು ವರ್ಷಗಳ ಅವಧಿಯಲ್ಲಿ ಕವಾಯತು, ಊಟ, ವೈದ್ಯ ಈ ಮೂರೂ ಇಂಗ್ಲೆಂಡಿನ ಶಾಲೆಗೆ ಬಂದುವು.

ಅದೇ ಆಂಗ್ಲರ ಆಳಿಕೆಯಲ್ಲಿದ್ದ ಭಾರತದ ಸ್ಥಿತಿ ಬೇರೆಯಾಗಿತ್ತು. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವು ದೇಶೀಯ ಆಟಗಳು, ಅಂಗಸಾಧನೆ, ಶಾಲಾ ಕವಾಯತು ಇವುಗಳಿಗೆ ಪ್ರೋತ್ಸಾಹ ಕೊಡಬೇಕೆಂದು ಶಿಫಾರಸು ಮಾಡಿತ್ತು. ಇವುಗಳಲ್ಲಿ ಹೆಚ್ಚಾಗಿ ಆಚರಣೆಗೆ ಬಂದುದು ಕವಾಯತು. ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾದರು. ‘ಅಟೆನ್ಷನ್’, ‘ಲೆಫ್ಟ್ ರೈಟ್’ ಎಂಬ ಅಪ್ಪಣೆಗಳು ಕನ್ನಡದ ಹಳ್ಳಿ ಹುಡುಗರ ನಾಲಗೆಗೂ ಬಂದುವು. ಊಟವನ್ನೂ ವೈದ್ಯರನ್ನೂ ಶಾಲೆಗೆ ತಂದ ೧೯೦೬ ಮತ್ತು ೧೯೦೭ರ ಶಾಸನಗಳಂಥವು ಮಾತ್ರ ಸಮುದ್ರವನ್ನು ದಾಟಲಿಲ್ಲ. ೧೯೦೯ರಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆಯು ಭಾರತದಲ್ಲಿ ಮೊದಲಬಾರಿಗೆ ನಡೆದುದು ಬ್ರಿಟಿಷ್ ಪ್ರಾಂತದಲ್ಲಲ್ಲ, ಸಯಾಜಿರಾವ್ ಗಾಯಕವಾಡರ ಬರೋಡ ನಗರದಲ್ಲಿ ಎಂಬುದು ಇಲ್ಲಿ ಸ್ಮರಣೀಯ.

ಕವಾಯತು ಮುಂದಾಗಿ ಊಟ ಹಿಂದಾದುದಕ್ಕೆ ನಮಗೆ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು ವೆಚ್ಚ. ನೂರು ಮಕ್ಕಳ ಕವಾಯತಿಗೆ ಒಬ್ಬ ಮಾಸ್ತರರೂ ಒಂದು ಬಯಲೂ ಸಾಕು. ನೂರು ಮಕ್ಕಳ ಊಟಕ್ಕೆ ಪ್ರತಿದಿನವೂ ಅಕ್ಕಿ, ಬೇಳೆ, ಸೌದೆ ಬೇಕು. ಎರಡನೆಯದು ಪ್ರದರ್ಶನ. ಸಾಲಾಗಿ ನಿಂತ ಮಕ್ಕಳನ್ನು ಇನ್‌ಸ್ಪೆಕ್ಟರರಿಗೆ ತೋರಿಸಬಹುದು. ತುಂಬಿದ ಹೊಟ್ಟೆಯನ್ನು ತೋರಿಸಲು ಬರುವುದಿಲ್ಲ. ಮೂರನೆಯದು ನಮ್ಮ ಸಮಾಜಕ್ಕೆ ಸಂಬಂಧಿಸಿದುದು ಮತ್ತು ಎಲ್ಲಕ್ಕಿಂತ ಕಠಿನವಾದುದು. ಒಂದೇ ಬಯಲಿನಲ್ಲಿ ಎಲ್ಲ ಜಾತಿಯ ಮಕ್ಕಳೂ ದೂರ ದೂರ ನಿಂತು ಕೈಯೆತ್ತಬಹುದಾಗಿತ್ತು. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪಾತ್ರೆಯ ಅನ್ನವನ್ನು ಉಣ್ಣುವಂತಿರಲಿಲ್ಲ. ಅಡುಗೆ ಮಾಡುವವರು ಯಾರು, ಬಡಿಸುವವರು ಯಾರು, ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನು ಎದುರಿಸಲು ಸರ್ಕಾರವೂ ಸಿದ್ಧವಿರಲಿಲ್ಲ, ಸಮಾಜವೂ ಸಿದ್ಧವಿರಲಿಲ್ಲ.

೩. ರಾಷ್ಟ್ರೀಯ ಜಾಗೃತಿ ಮತ್ತು ಅಂಗಸಾಧನೆ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕವಾಯತಿಗೆ ಎರಡು ಕಡೆಗಳಿಂದ ವಿರೋಧ ಬಂದಿತು. ಒಂದು ಕಡೆ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ ಶಿಕ್ಷಕರು ೧೯೨೦ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಆರಂಭಿಸಿ, ಕವಾಯತಿನ ಬದಲಾಗಿ ಆಟಗಳಿಗೆ ಪ್ರಾಧಾನ್ಯವನ್ನು ಕೊಟ್ಟರು. ವ್ಯಾಯಾಮ ಶಿಕ್ಷಕನಿಗೆ ಸೈನ್ಯದ ಅನುಭವವಲ್ಲ, ಶಿಕ್ಷಕನ ತರಬೇತಿ ಬೇಕೆಂಬ ಭಾವನೆಯು ದಕ್ಷಿಣ ಭಾರತದಲ್ಲಿ ಬೇರೂರಿದುದು ಈ ಸಂಸ್ಥೆಯಿಂದ.

ಇನ್ನೊಂದು ಕಡೆ ರಾಷ್ಟ್ರೀಯ ಚಳವಳಿಯು ದೇಶೀಯ ಅಂಗಸಾಧನೆಯನ್ನು ಎತ್ತಿಹಿಡಿಯಿತು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ೧೯೧೪ರಲ್ಲಿಯೂ, ಸ್ವಾಮಿ ಕುವಲಯಾನಂದರ ಲೋಣಾವಳೆಯ ಕೈವಲ್ಯಧಾಮ ೧೯೨೪ರಲ್ಲಿಯೂ ಸ್ಥಾಪಿತವಾದುವು. ಕರ್ನಾಟಕದ ಪಾಲು ಇದರಲ್ಲಿ ಚಿಕ್ಕದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ೧೯೨೩ರ ನಾಗಪುರದ ಧ್ವಜ ಸತ್ಯಾಗ್ರಹದ ಅನುಭವದ ನಂತರ, ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಕಾಲದಲ್ಲಿ ಹಿಂದೂಸ್ಥಾನಿ ಸೇವಾದಳವನ್ನು ಕಟ್ಟಿದರು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು: ಸೇವಾದಳವು ಸರ್ಕಾರಿ ಕವಾಯತನ್ನು ತ್ಯಜಿಸಲಿಲ್ಲ, ಅದನ್ನು ತನ್ನದಾಗಿಸಿಕೊಂಡಿತು. ಸಾಲು, ಶಿಸ್ತು, ಸಮವಸ್ತ್ರ ಇವು ಉಳಿದುವು. ವಂದನೆ ಸಲ್ಲುವ ಧ್ವಜ ಮಾತ್ರ ಬದಲಾಯಿತು.

ಔಂಧ್ ಸಂಸ್ಥಾನದ ದೊರೆ ಭವಾನರಾವ್ ಪಂತಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಬಳಕೆಗೆ ತಂದರು. ವಿಜಾಪುರದ ಕಡೆಯ ಗುಣದಾಳವು ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ಪ್ರಯೋಗವು ಕನ್ನಡ ನಾಡಿಗೂ ಸಂಬಂಧಿಸಿದುದಾಗಿದೆ. ಸೂರ್ಯನಮಸ್ಕಾರಕ್ಕೆ ಸಲಕರಣೆ ಬೇಡ, ದೊಡ್ಡ ಬಯಲು ಬೇಡ, ಹೆಣ್ಣುಮಕ್ಕಳೂ ಮಾಡಬಹುದು. ಬಡ ಸಂಸ್ಥಾನವೊಂದಕ್ಕೆ ಇದಕ್ಕಿಂತ ಅನುಕೂಲವಾದ ಪದ್ಧತಿ ಇರಲಾರದು. ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ೧೯೩೭ರಲ್ಲಿ ಅಧಿಕಾರಕ್ಕೆ ಬಂದಾಗ ಕುವಲಯಾನಂದರ ಅಧ್ಯಕ್ಷತೆಯಲ್ಲಿ ವ್ಯಾಯಾಮ ಶಿಕ್ಷಣ ಸಮಿತಿಯು ನೇಮಕವಾಯಿತು. ೧೯೩೮ರಲ್ಲಿ ಕಾಂದಿವಲಿಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಯು ಆರಂಭವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆ ಪ್ರಾಂತದಲ್ಲಿಯೇ ಇದ್ದುವು.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ೧೯೩೪ರಲ್ಲಿ ಅವರ ‘ಯೋಗ ಮಕರಂದ’ವು ಕನ್ನಡದಲ್ಲಿ ಪ್ರಕಟವಾಯಿತು. ಇದೇ ಯೋಗಶಾಲೆಯಲ್ಲಿ ಕಲಿತ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರೂ ಕೆ. ಪಟ್ಟಾಭಿ ಜೋಯಿಸರೂ ಮುಂದೆ ಜಗತ್ತಿನಾದ್ಯಂತ ಖ್ಯಾತರಾದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆಯು ಪಾಶ್ಚಾತ್ಯ ದೇಹದಾರ್ಢ್ಯ ಪದ್ಧತಿಯನ್ನೂ ಸೂರ್ಯನಮಸ್ಕಾರವನ್ನೂ ಒಂದುಗೂಡಿಸಿತು. ಇವು ಘನವಾದ ಸಾಧನೆಗಳು. ಆದರೆ ಯೋಗಶಾಲೆಯ ವಿದ್ಯಾರ್ಥಿಗಳಲ್ಲಿ ಅರಸು ಮನೆತನಗಳ ಹುಡುಗರೇ ಮುಖ್ಯರಾಗಿದ್ದರು. ಅವರಿಗೆ ಹೊಟ್ಟೆಯ ಚಿಂತೆಯಿರಲಿಲ್ಲ. ೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸ ಕಾನೂನಿನ ಮೂಲಕ ಕಡ್ಡಾಯ ಶಿಕ್ಷಣದ ಕಡೆಗೆ ಹೆಜ್ಜೆಯಿಟ್ಟ ಸಂಸ್ಥಾನದಲ್ಲಿ, ಹಳ್ಳಿಯ ಪ್ರೈಮರಿ ಶಾಲೆಯ ಮಗುವಿನ ಚಿಂತೆ ಬೇರೆಯದೇ ಆಗಿತ್ತು. ಆಸನವನ್ನು ಕಲಿಸುವುದಕ್ಕೆ ಗುರು ದೊರೆತಾನು. ಬೆಳಿಗ್ಗೆ ಅಂಬಲಿಯನ್ನೂ ಕುಡಿಯದೆ ಬಂದ ಹುಡುಗನಿಗೆ ಆಸನದಿಂದ ಆಗುವ ಪ್ರಯೋಜನವೆಷ್ಟು?

೪. ಅನ್ನದ ದಾರಿ

ವಿದ್ಯಾರ್ಥಿಗೆ ಅನ್ನವಿಕ್ಕುವ ಧರ್ಮವು ಕನ್ನಡ ನಾಡಿಗೆ ಹೊಸದೇನಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ ಓದಿದ ವಾರಾನ್ನದ ಹುಡುಗರ ಕಥೆ ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ತುಮಕೂರಿನ ಬಳಿಯ ಸಿದ್ಧಗಂಗೆಯ ದಾಸೋಹ, ಬೆಂಗಳೂರು ಮೈಸೂರುಗಳಲ್ಲಿ ನಾನಾ ಜನಾಂಗಗಳವರು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಸಾವಿರಾರು ಬಡ ಹುಡುಗರನ್ನು ಸಾಕಿವೆ. ಆದರೆ ಇವೆಲ್ಲ ಶಾಲೆಯ ಹೊರಗಿನ ಏರ್ಪಾಡುಗಳು. ಅವುಗಳ ಫಲ ಮುಖ್ಯವಾಗಿ ಪಟ್ಟಣಕ್ಕೆ ಬಂದು ಓದುವ ಹುಡುಗರಿಗೆ ದೊರೆಯುತ್ತಿತ್ತು. ಹಲವು ನಿಲಯಗಳು ಆಯಾ ಜಾತಿಯವರಿಗೇ ಮೀಸಲಾಗಿದ್ದುವು. ಅನ್ನವು ದಾನವಾಗಿತ್ತೇ ಹೊರತು ಶಾಲೆಯ ಕರ್ತವ್ಯವಾಗಿರಲಿಲ್ಲ.

ದಕ್ಷಿಣ ಭಾರತದಲ್ಲಿ ಆ ಕರ್ತವ್ಯವನ್ನು ಮೊದಲು ಒಪ್ಪಿಕೊಂಡುದು ಮದರಾಸು ನಗರಸಭೆ. ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ೧೯೨೦ರಲ್ಲಿ, ಥೌಸಂಡ್ ಲೈಟ್ಸ್ ಪ್ರದೇಶದ ನಗರಸಭೆಯ ಶಾಲೆಯಲ್ಲಿ ಮಕ್ಕಳಿಗೆ ದಿನಕ್ಕೆ ತಲೆಗೆ ಒಂದು ಆಣೆಯನ್ನು ಮೀರದ ವೆಚ್ಚದಲ್ಲಿ ಉಪಾಹಾರ ಕೊಡುವ ನಿರ್ಣಯವಾಯಿತು. ಬಕ್ ಅವರ ವ್ಯಾಯಾಮ ಶಾಲೆ ಆರಂಭವಾದುದೂ ಅದೇ ನಗರದಲ್ಲಿ, ಅದೇ ವರ್ಷದಲ್ಲಿ. ಒಂದೇ ಊರಿನಲ್ಲಿ ಸಾಮು ಮತ್ತು ಖುರಾಕು ಎರಡೂ ಏಕಕಾಲದಲ್ಲಿ ಮೊಳೆತರೂ, ಒಂದು ಶಿಕ್ಷಣಶಾಸ್ತ್ರದ ವಿಷಯವಾಗಿ, ಇನ್ನೊಂದು ಬಡವರ ಉಪಕಾರದ ವಿಷಯವಾಗಿ ಬೇರೆ ಬೇರೆಯಾಗಿಯೇ ಬೆಳೆದುವು.

ಸ್ವಾತಂತ್ರ್ಯಾನಂತರ ೧೯೫೬ರಲ್ಲಿ ಕೆ. ಕಾಮರಾಜರು ಮದರಾಸು ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿದರು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಕಡಲೆಕಾಯಿ ಹಿಂಡಿಯ ಹಿಟ್ಟನ್ನು ಮೂರು ಪಾಲು, ಕಡಲೆ ಹಿಟ್ಟನ್ನು ಒಂದು ಪಾಲು ಬೆರೆಸಿ, ಅಗ್ಗವಾದ ಪೌಷ್ಟಿಕ ಆಹಾರವನ್ನು ರೂಪಿಸಿತು. ಅರವತ್ತರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ನಮ್ಮ ಶಾಲೆಗಳಿಗೆ ಹಾಲಿನ ಪುಡಿಯೂ ಹಳದಿ ಉಪ್ಪಿಟ್ಟಿನ ರವೆಯೂ ಬಂದುವು. ಆ ಉಪ್ಪಿಟ್ಟನ್ನು ಉಂಡು ಬೆಳೆದ ತಲೆಮಾರು ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತದೆ. ಆದರೆ ಪರರಾಷ್ಟ್ರದ ಉದಾರತೆಯನ್ನು ಅವಲಂಬಿಸಿದ ಊಟವು ಶಾಶ್ವತವಾಗಲಾರದಾಗಿತ್ತು.

೧೯೯೫ರ ಆಗಸ್ಟ್ ೧೫ರಂದು ಕೇಂದ್ರ ಸರ್ಕಾರದ ಯೋಜನೆ ಜಾರಿಗೆ ಬಂದಾಗಲೂ ಬಹುತೇಕ ರಾಜ್ಯಗಳಲ್ಲಿ ಬೇಯಿಸಿದ ಊಟದ ಬದಲು ಮಗುವಿಗೆ ತಿಂಗಳಿಗೆ ೩ ಕಿಲೋ ಧಾನ್ಯವನ್ನು ಮನೆಗೆ ಕೊಟ್ಟು ಕಳುಹಿಸುತ್ತಿದ್ದರು. ಪೌರಹಕ್ಕುಗಳ ಸಂಘಟನೆಯೊಂದರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ೨೦೦೧ರ ನವೆಂಬರ್ ೨೮ರಂದು, ಕನಿಷ್ಠ ೩೦೦ ಕ್ಯಾಲರಿ ಮತ್ತು ೮ರಿಂದ ೧೨ ಗ್ರಾಂ ಪ್ರೋಟೀನು ಉಳ್ಳ ಬೇಯಿಸಿದ ಊಟವನ್ನು ವರ್ಷದಲ್ಲಿ ೨೦೦ ದಿನಗಳಿಗೆ ಕಡಿಮೆಯಿಲ್ಲದಂತೆ ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ ೨೦೦೧–೦೨ರ ಸಾಲಿನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಿಗೆ ಯೋಜಿತವಾಗಿ, ೨೦೦೩–೦೪ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿದ ಕಾರ್ಯಕ್ರಮಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಾಯಿತು. ಹನ್ನೆರಡನೆಯ ಶತಮಾನದ ಶರಣರ ದಾಸೋಹವೆಂಬ ಮಾತನ್ನು ಸರ್ಕಾರದ ಕಡತವು ಎರವಲು ಪಡೆದುದು ಅರ್ಥಪೂರ್ಣವಾಗಿದೆ. ಪಂಕ್ತಿಭೇದವನ್ನು ಒಪ್ಪದ ಪರಂಪರೆಯ ಮಾತು ಅದು. ಅಡುಗೆಯವರ ಜಾತಿಯನ್ನು ಮುಂದಿಟ್ಟು ಮಕ್ಕಳನ್ನು ಊಟದಿಂದ ತಡೆದ ಪ್ರಸಂಗಗಳು ಈ ಶತಮಾನದಲ್ಲಿಯೂ ವರದಿಯಾಗಿರುವುದನ್ನು ನೋಡಿದರೆ, ಮೇಲೆ ಹೇಳಿದ ಮೂರನೆಯ ಕಾರಣವು ಎಷ್ಟು ಪ್ರಬಲವಾಗಿತ್ತೆಂಬುದು ವಿದಿತವಾಗುತ್ತದೆ. ೨೦೧೩ರಲ್ಲಿ ಕ್ಷೀರಭಾಗ್ಯ ಯೋಜನೆಯಿಂದ ಮಕ್ಕಳಿಗೆ ೧೫೦ ಮಿಲಿಲೀಟರ್ ಹಾಲು ದೊರೆಯತೊಡಗಿತು.

೫. ಇಲಾಖೆಗಳ ವಿಭಜನೆ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, ೧೯೪೬ರಲ್ಲಿ, ಭೋರ್ ಸಮಿತಿಯು ಭಾರತದಲ್ಲಿ ಶಾಲಾ ಆರೋಗ್ಯಸೇವೆ ಎಂಬುದು ಬಹುಮಟ್ಟಿಗೆ ಇಲ್ಲವೇ ಇಲ್ಲವೆಂದು ವರದಿಮಾಡಿತ್ತು. ಅನಂತರದ ಎರಡು ದಶಕಗಳಲ್ಲಿ ವ್ಯಾಯಾಮದ ಕಡೆಗೆ ಸರ್ಕಾರದ ಉತ್ಸಾಹವು ಹೇರಳವಾಗಿತ್ತು. ೧೯೫೦ರಲ್ಲಿ ಕೇಂದ್ರ ಸಲಹಾ ಮಂಡಳಿ, ೧೯೫೪ರಲ್ಲಿ ಜನರಲ್ ಭೋನ್ಸ್ಲೆಯವರ ರಾಷ್ಟ್ರೀಯ ಶಿಸ್ತು ಯೋಜನೆ, ೧೯೫೬ರಲ್ಲಿ ವ್ಯಾಯಾಮ ಶಿಕ್ಷಣದ ರಾಷ್ಟ್ರೀಯ ಯೋಜನೆ, ೧೯೫೭ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು, ೧೯೬೫ರಲ್ಲಿ ರಾಷ್ಟ್ರೀಯ ದೇಹದಾರ್ಢ್ಯ ದಳ ಹೀಗೆ ಸಾಲಾಗಿ ಸಂಸ್ಥೆಗಳು ಹುಟ್ಟಿದುವು. ಒಂದೇ ಕೆಲಸಕ್ಕೆ ಹಲವು ಯೋಜನೆಗಳಾದುದರಿಂದ ಅವುಗಳ ಸಮನ್ವಯಕ್ಕಾಗಿಯೇ ೧೯೫೯ರಲ್ಲಿ ಹೃದಯನಾಥ ಕುಂಜ್ರೂ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಶಾಲಾ ಆರೋಗ್ಯವನ್ನು ಕುರಿತ ಸಮಿತಿಯೊಂದು ೧೯೬೦ರಲ್ಲಿ ನೇಮಕವಾಗಿ ಮರುವರ್ಷ ವರದಿ ಸಲ್ಲಿಸಿತು. ಸಾಮು ಶಿಕ್ಷಣ ಇಲಾಖೆಗೆ, ತಪಾಸಣೆ ಆರೋಗ್ಯ ಇಲಾಖೆಗೆ, ಊಟವು ಆಗಾಗ್ಗೆ ಪರದೇಶದ ನೆರವಿಗೆ ಸೇರಿದುವು. ಒಂದೇ ಮಗುವಿನ ಒಂದೇ ದೇಹವು ಕಡತಗಳಲ್ಲಿ ಮೂರಾಯಿತು.

ಈ ಮೂರು ಎಳೆಗಳು ಕಾನೂನಿನಲ್ಲಿ ಹತ್ತಿರ ಬಂದುದು ಇತ್ತೀಚೆಗೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಆಟದ ಮೈದಾನ ಮತ್ತು ಬಿಸಿಯೂಟದ ಅಡುಗೆಮನೆ ಎರಡನ್ನೂ ಶಾಲೆಯ ಅವಶ್ಯಕ ಅಂಗಗಳೆಂದು ಹೇಳಿದೆ. ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕಾಗಿ ಅರೆಕಾಲಿಕ ಬೋಧಕರಿರಬೇಕೆಂದಿದೆ. ೨೦೧೩ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ವೈದ್ಯರ ತಂಡಗಳು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಾಯಿತು. ಬರೋಡದಲ್ಲಿ ೧೯೦೯ರಲ್ಲಿ ಆರಂಭವಾದ ಕೆಲಸವು ದೇಶವ್ಯಾಪಿಯಾಗಲು ನೂರು ವರ್ಷಗಳೇ ಹಿಡಿದುವೆಂದಾಯಿತು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಶಾಲೆಯ ವ್ಯಾಯಾಮವು ಬಹುಕಾಲ ಮಗುವಿಗಾಗಿ ಇರಲಿಲ್ಲ. ಸಾಮ್ರಾಜ್ಯಕ್ಕಾಗಿ, ಅನಂತರ ರಾಷ್ಟ್ರಕ್ಕಾಗಿ, ಶಿಸ್ತಿಗಾಗಿ ಇತ್ತು. ಊಟದ ಪ್ರಶ್ನೆಯನ್ನು ಕೇಳಿದಾಗಲೇ ಮಗುವಿನ ಪ್ರಯೋಜನದ ವಿಚಾರವು ಮುಂದೆ ಬಂದಿತು. ಎರಡನೆಯದಾಗಿ, ಖುರಾಕನ್ನು ತಡೆಹಿಡಿದುದು ಬಡತನವೊಂದೇ ಅಲ್ಲ; ಪಂಕ್ತಿಭೇದದ ಭಯವೂ ಅದರಲ್ಲಿ ಸೇರಿತ್ತು. ಬಿಸಿಯೂಟದ ಪಂಕ್ತಿಯು ಶಾಲೆಯೊಳಗೆ ಬಂದುದನ್ನು ಆದುದರಿಂದ ಪೌಷ್ಟಿಕತೆಯ ಲೆಕ್ಕದಿಂದ ಮಾತ್ರವಲ್ಲದೆ ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದಲೂ ಅಳೆಯಬೇಕಾಗಿದೆ.

ಈಗ ಚಕ್ರವು ಇನ್ನೊಂದು ಕಡೆಗೆ ತಿರುಗುತ್ತಿರುವ ಸೂಚನೆಗಳಿವೆ. ಊಟವು ಕಾನೂನಿನ ಬಲದಿಂದ ನೆಲೆಗೊಂಡಿದೆ. ವ್ಯಾಯಾಮದ ಅವಧಿಯನ್ನು ಮಾತ್ರ ಪರೀಕ್ಷೆಯ ಪಾಠಗಳು ನುಂಗುತ್ತಿವೆ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಕೆಲಸವೆಂದರೆ ಆಗಸ್ಟ್ ೧೫ರ ಮತ್ತು ಜನವರಿ ೨೬ರ ಪಥಸಂಚಲನದ ಸಿದ್ಧತೆಯೇ ಆಗಿದೆ. ೨೦೧೯ರ ಫಿಟ್ ಇಂಡಿಯಾ ಆಂದೋಲನದಂತಹ ಕರೆಗಳು ಒಳ್ಳೆಯವೇ. ಆದರೆ ಕರೆಯಿಂದ ಮೈದಾನ ಹುಟ್ಟುವುದಿಲ್ಲ, ಖಾಲಿಯಿರುವ ಶಿಕ್ಷಕರ ಹುದ್ದೆ ತುಂಬುವುದಿಲ್ಲ. ಸಾಮು ಮಾತ್ರವಿದ್ದ ಶಾಲೆಯು ಮಗುವಿಗೆ ಅನ್ಯಾಯ ಮಾಡಿದಂತೆಯೇ, ಖುರಾಕು ಮಾತ್ರವಿರುವ ಶಾಲೆಯೂ ಅರ್ಧ ಕೆಲಸವನ್ನಷ್ಟೇ ಮಾಡಿದಂತಾಗುತ್ತದೆ. ಗರಡಿಯು ಕೆಲವರಿಗೆ ಮಾತ್ರ ಕೊಟ್ಟುದನ್ನು ಗಂಡುಹೆಣ್ಣೆನ್ನದೆ, ಜಾತಿಯೆನ್ನದೆ ಎಲ್ಲ ಮಕ್ಕಳಿಗೂ ಕೊಡುವ ಅವಕಾಶವು ಚರಿತ್ರೆಯಲ್ಲಿ ಮೊದಲಬಾರಿಗೆ ಶಾಲೆಗೆ ಒದಗಿದೆ. ಒಂದೊಂದು ಜಿಲ್ಲೆಯ ಹಳೆಯ ಶಾಲೆಗಳ ದಾಖಲೆಗಳನ್ನು ಆಧರಿಸಿ ಈ ವಿಷಯವನ್ನು ಇನ್ನಷ್ಟು ವಿವರವಾಗಿ ಅಭ್ಯಾಸಮಾಡುವುದು ಅವಶ್ಯವಾಗಿದೆ. ನಮ್ಮ ವಿದ್ಯಾರ್ಥಿಗಳು ಆ ಕಾರ್ಯವನ್ನು ಕೈಗೊಂಡರೆ, ಹಸಿದು ಕವಾಯತು ಮಾಡಿದ ಮಕ್ಕಳಿಗೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದೀತು.